ಬೈಗುಳದ ಭಯಕ್ಕೆ ಅಪಾಯವನ್ನೇ ಮುಚ್ಚಿಡುವ ಪಾಳಿಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಏನು?

ಪ್ರಶ್ನೆ: ಪಾಳಿ ಉಸ್ತುವಾರಿ

ಎಲ್ಲರಿಗೂ ನಮಸ್ಕಾರ. ಪ್ಯಾಕಿಂಗ್ ಘಟಕವೊಂದರಲ್ಲಿ ಒಂದು ಪಾಳಿಯ ಉಸ್ತುವಾರಿಯನ್ನು ಇತ್ತೀಚೆಗೆ ನನಗೆ ವಹಿಸಿದ್ದಾರೆ. ಯಂತ್ರಗಳ ಕೆಲಸ ನನಗೆ ತಿಳಿದಿದೆ. ಆದರೆ ಕೆಲಸ ಮಾಡುವವರ ನಡುವೆ ಉಂಟಾಗಿರುವ ಒಂದು ತೊಡಕನ್ನು ಹೇಗೆ ಬಿಡಿಸಬೇಕೆಂಬುದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಪಾಳಿಯಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದಾರೆ. ಯಂತ್ರದ ಸದ್ದು ತುಸು ಬದಲಾದರೂ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವರು. ಆದರೆ ಕಿರಿಯರನ್ನು ಎಲ್ಲರೆದುರು ಹೀಯಾಳಿಸುತ್ತಾರೆ. ಹೊಸ ಹೆಲ್ಪರ್ ಏನಾದರೂ ಕೇಳಿದರೆ, 'ಇಷ್ಟೂ ಗೊತ್ತಿಲ್ಲದವನನ್ನು ಒಳಗೆ ಬಿಟ್ಟವರು ಯಾರು' ಎಂಬಂಥ ಉತ್ತರ ಬರುತ್ತದೆ. ತಪ್ಪು ಮಾಡಿದವರಿಗೆ ಅಡ್ಡಹೆಸರು ಇಡುತ್ತಾರೆ, ಕೊನೆಗೆ ಉಳಿದವರೂ ಅದೇ ಹೆಸರಿನಿಂದ ಕರೆಯತೊಡಗುತ್ತಾರೆ. ಒಬ್ಬ ಮಹಿಳಾ ಆಪರೇಟರ್ ಬಳಿ ಅವರು ದ್ವಂದ್ವಾರ್ಥದ ಮಾತುಗಳನ್ನು ಆಡುತ್ತಾರೆ ಎಂಬುದೂ ಇನ್ನೊಬ್ಬರ ಮೂಲಕ ನನ್ನ ಕಿವಿಗೆ ಬಿದ್ದಿದೆ. ಆಕೆ ನನ್ನ ಬಳಿ ಈವರೆಗೆ ಏನೂ ಹೇಳಿಲ್ಲ.

ಇದನ್ನು ನಾನು ಶಿಸ್ತಿನ ವಿಷಯವೆಂದೇ ಭಾವಿಸಿದ್ದೆ. ಮೊನ್ನೆ ಕನ್ವೇಯರ್‌ನ ಗಾರ್ಡ್ (ರಕ್ಷಣಾ ಕವಚ) ತೆರೆದರೂ ಬೆಲ್ಟ್ ಓಡುತ್ತಲೇ ಇತ್ತು. ನೋಡಿದರೆ, ಗಾರ್ಡ್ ತೆರೆದ ಕೂಡಲೇ ಯಂತ್ರವನ್ನು ನಿಲ್ಲಿಸಬೇಕಾದ ಇಂಟರ್‌ಲಾಕ್ ಸ್ವಿಚ್ಚನ್ನು ತಂತಿ ಹಾಕಿ ಬೈಪಾಸ್ ಮಾಡಲಾಗಿತ್ತು. ವಿಚಾರಿಸಿದಾಗ ಹೆಲ್ಪರ್‌ಗಳಿಗೆಲ್ಲ ಮೊದಲೇ ಗೊತ್ತಿತ್ತೆಂದು ತಿಳಿಯಿತು. ಯಾಕೆ ಹೇಳಲಿಲ್ಲವೆಂದರೆ, 'ಹೇಳಿ ಬೈಸಿಕೊಳ್ಳುವವರು ಯಾರು' ಎಂದರು. ನಿಯರ್ ಮಿಸ್, ಅಂದರೆ ಸ್ವಲ್ಪದರಲ್ಲೇ ತಪ್ಪಿದ ಅಪಘಾತಗಳನ್ನು ದಾಖಲಿಸುವ ಪುಸ್ತಕ ಖಾಲಿಯಿದೆ, ಮೇಲಿನವರು ಅದನ್ನೇ ನಮ್ಮ ಪಾಳಿಯ ಸಾಧನೆಯೆಂದು ಹೊಗಳುತ್ತಾರೆ. ಫಿಟ್ಟರ್ ವಿಷಯ ಎತ್ತಿದರೆ, 'ಅವರ ಸ್ವಭಾವವೇ ಹಾಗೆ, ಮನಸ್ಸಿನಲ್ಲಿ ಏನೂ ಇಲ್ಲ' ಎನ್ನುತ್ತಾರೆ.

ನಾನು ಎಲ್ಲಿಂದ ಆರಂಭಿಸಲಿ? ಅವರಂಥ ಕೆಲಸಗಾರರನ್ನು ಕಳೆದುಕೊಳ್ಳದೆ ಇದನ್ನು ಸರಿಪಡಿಸಲು ಸಾಧ್ಯವೇ?

ಉತ್ತರ 1: ನಿವೃತ್ತ ಸುರಕ್ಷತಾ ಅಧಿಕಾರಿ

ಮೊದಲ ಮಾತು ಇಂಟರ್‌ಲಾಕ್ ಬಗ್ಗೆ. ಅದನ್ನು ಸರಿಪಡಿಸದೆ ಆ ಕನ್ವೇಯರನ್ನು ಮತ್ತೆ ಓಡಿಸಬೇಡಿ. ವಿದ್ಯುತ್ತನ್ನು ಮೂಲದಲ್ಲೇ ಕಡಿದು, ಬೀಗ ಹಾಕಿ, ಕೆಲಸ ಮಾಡುತ್ತಿರುವವರ ಹೆಸರಿನ ಟ್ಯಾಗ್ ತಗಲಿಸಿ, ಬೆಲ್ಟ್ ನಿಜವಾಗಿಯೂ ಚಲಿಸುವುದಿಲ್ಲವೆಂದು ಗುಂಡಿ ಒತ್ತಿ ಪರೀಕ್ಷಿಸಿದ ಬಳಿಕವೇ ತಂತಿಯನ್ನು ತೆಗೆಸಿ. ದುರಸ್ತಿಯಾದ ಮೇಲೆ ಗಾರ್ಡ್ ತೆರೆದರೆ ಯಂತ್ರ ನಿಲ್ಲುತ್ತದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ತಂತಿ ಹಾಕಿದವರು ಯಾರೆಂದು ಹುಡುಕುವುದಕ್ಕಿಂತ ಮುಂಚೆ, ಅದನ್ನು ಹಾಕುವ ಅಗತ್ಯ ಏಕೆ ಬಂತೆಂದು ಕೇಳಿ. ಸಾಮಾನ್ಯವಾಗಿ ಇಂಥ ಕಡೆ ಪೆಟ್ಟಿಗೆಗಳು ಪದೇ ಪದೇ ಸಿಕ್ಕಿಕೊಳ್ಳುತ್ತಿರುತ್ತವೆ, ಅಥವಾ ಸ್ವಿಚ್ ಸಡಿಲವಾಗಿ ಸುಮ್ಮಸುಮ್ಮನೆ ಯಂತ್ರ ನಿಲ್ಲುತ್ತಿರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಶಿಸ್ತು ಒಂದು ವಿಷಯ, ಸುರಕ್ಷತೆ ಮತ್ತೊಂದು ವಿಷಯ ಎಂದು ಎರಡು ಕಡತಗಳನ್ನು ಮಾಡಿಕೊಂಡಿರುವುದರಲ್ಲೇ ತೊಡಕಿದೆ. ನಿಮ್ಮ ಪಾಳಿಯಲ್ಲಿ ಬೈಗುಳವು ಅಪಾಯದ ಸುದ್ದಿ ಮೇಲೆ ಬರುವ ದಾರಿಯನ್ನೇ ಮುಚ್ಚಿದೆ. ಆದ್ದರಿಂದ ಅದನ್ನು ತೈಲ ಚೆಲ್ಲಿದ ನೆಲದಂತೆ, ಕವಚವಿಲ್ಲದ ಗಾಲಿಯಂತೆ ಒಂದು ಅಪಾಯವೆಂದೇ ದಾಖಲಿಸಿ ನಿರ್ವಹಿಸಬೇಕು. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರ ಜೂನ್‌ನಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆಯು ಉದ್ಯೋಗ ಜಗತ್ತಿನಲ್ಲಿನ ಹಿಂಸೆ ಮತ್ತು ಕಿರುಕುಳವನ್ನು ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯದ ವ್ಯವಸ್ಥೆಯೊಳಗೇ ಸೇರಿಸಬೇಕೆಂದು, ಅದರ ಅಪಾಯಗಳನ್ನು ಕಾರ್ಮಿಕರ ಜೊತೆ ಕುಳಿತು ಗುರುತಿಸಿ ಅಂದಾಜು ಮಾಡಬೇಕೆಂದು ಹೇಳುತ್ತದೆ. ಅದು 2021ರ ಜೂನ್‌ನಲ್ಲಿ ಜಾರಿಗೆ ಬಂತು. ಮರುವರ್ಷ, ಅಂದರೆ 2022ರಲ್ಲಿ, ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ಪರಿಸರವನ್ನು ಅದೇ ಸಂಘಟನೆ ತನ್ನ ಮೂಲಭೂತ ತತ್ತ್ವಗಳು ಮತ್ತು ಹಕ್ಕುಗಳ ಸಾಲಿಗೆ ಸೇರಿಸಿತು.

'ಮನಸ್ಸಿನಲ್ಲಿ ಏನೂ ಇಲ್ಲ' ಎಂಬ ಸಮಜಾಯಿಷಿಗೂ ಆ ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಉತ್ತರವಿದೆ. ಹಾನಿ ಮಾಡುವ ಉದ್ದೇಶವಿದ್ದ ವರ್ತನೆಯನ್ನು ಮಾತ್ರವಲ್ಲ, ಹಾನಿ ಉಂಟುಮಾಡಿದ ಅಥವಾ ಉಂಟುಮಾಡುವ ಸಂಭವವಿರುವ ವರ್ತನೆಯನ್ನೂ ಅದು ಒಳಗೊಳ್ಳುತ್ತದೆ. ಒಮ್ಮೆ ನಡೆದರೂ ಸಾಕು, ಪುನರಾವರ್ತನೆ ಆಗಲೇಬೇಕೆಂದಿಲ್ಲ. ಆ ಹಾನಿ ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಯಾವುದೂ ಆಗಿರಬಹುದು.

ಅಪಾಯ ನಿಯಂತ್ರಣದ ಶ್ರೇಣಿ ನಿಮಗೆ ತಿಳಿದೇ ಇರುತ್ತದೆ: ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕುವುದು, ಇಲ್ಲವಾದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಯಿಸುವುದು, ಆಮೇಲೆ ತಾಂತ್ರಿಕ ತಡೆ, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ಟು ಮತ್ತು ಕೈಗವಸು. ಬೈಗುಳದ ವಿಷಯದಲ್ಲಿ ಮಾತ್ರ ಬಹುತೇಕ ಕಡೆ ಈ ಶ್ರೇಣಿ ತಲೆಕೆಳಗಾಗುತ್ತದೆ. 'ಮನಸ್ಸಿಗೆ ಹಚ್ಚಿಕೊಳ್ಳಬೇಡ' ಎಂದು ಹೆಲ್ಪರ್‌ಗೆ ಹೇಳುವುದೆಂದರೆ ಮೂಲವನ್ನು ಹಾಗೇ ಬಿಟ್ಟು ಪೆಟ್ಟು ತಿನ್ನುವವನಿಗೆ ಹೆಲ್ಮೆಟ್ಟು ಕೊಟ್ಟಂತೆ. ನೀವು ಮೂಲದ ಕಡೆ ಹೋಗಬೇಕು. ಆ ಫಿಟ್ಟರ್ ಮೇಲೆ ಉತ್ಪಾದನಾ ವಿಭಾಗದ ಒತ್ತಡ ಎಷ್ಟಿದೆ, ಯಂತ್ರ ನಿಂತ ಪ್ರತಿ ನಿಮಿಷಕ್ಕೂ ಅವರನ್ನು ಯಾರು ಯಾವ ಧಾಟಿಯಲ್ಲಿ ಪ್ರಶ್ನಿಸುತ್ತಾರೆ, ಹೊಸಬರಿಗೆ ತರಬೇತಿ ಕೊಡಲು ಅವರಿಗೆ ಸಮಯ ಸಿಗುತ್ತದೆಯೇ ಎಂಬುದನ್ನೆಲ್ಲ ನೋಡಿ. ಇದು ಅವರ ವರ್ತನೆಗೆ ಸಮರ್ಥನೆಯಲ್ಲ. ಒತ್ತಡವನ್ನು ಹಾಗೇ ಬಿಟ್ಟು ಅವರಿಗೆ ಮಾತ್ರ ಎಚ್ಚರಿಕೆ ಕೊಟ್ಟರೆ ನಾಳೆ ಇನ್ನೊಬ್ಬರು ಅದೇ ಜಾಗದಲ್ಲಿ ನಿಂತು ಬೈಯುತ್ತಾರೆ.

ಖಾಲಿ ಪುಸ್ತಕದ ಬಗ್ಗೆ ಒಂದು ಮಾತು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ನೀಡಿಕೆಯ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಹೊಂದಾಣಿಕೆಯಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂಬುದು ಅವರ ನಿರೀಕ್ಷೆಯಾಗಿತ್ತು, ಆದರೆ ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿಯವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂಬುದಕ್ಕಿಂತ, ಆದ ತಪ್ಪನ್ನು ಭಯವಿಲ್ಲದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ವಿವರಣೆ. ನಿಮ್ಮ ಮೇಲಿನವರು ಖಾಲಿ ಪುಸ್ತಕವನ್ನು ಹೊಗಳುವುದನ್ನು ನಿಲ್ಲಿಸದ ಹೊರತು, ಬರೆಯುವವನು ಪಾಳಿಯ ಮಾನ ಕಳೆಯುವವನೆಂದೇ ಎಣಿಕೆಯಾಗುತ್ತಾನೆ.

ಉತ್ತರ 2: ದೂರು ವಿಚಾರಣೆಯ ಅನುಭವವಿರುವವರು

ಮೇಲಿನ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ನೀವು ಹೇಳಿರುವ ಸಂಗತಿಗಳೆಲ್ಲ ಒಂದೇ ಬಗೆಯವಲ್ಲ. ಅವನ್ನು ಒಟ್ಟಿಗೆ ಕಟ್ಟಿ ಫಿಟ್ಟರ್ ಎದುರು ಇಟ್ಟರೆ ಎಲ್ಲವೂ ಕೆಡುತ್ತದೆ.

ಮಹಿಳಾ ಆಪರೇಟರ್ ವಿಷಯವನ್ನು ಬೇರೆ ಇಡಿ. ಅದು ನಿಜವಾಗಿದ್ದರೆ ಲೈಂಗಿಕ ಕಿರುಕುಳ. ಅದನ್ನು ಪಾಳಿಯ ಮಟ್ಟದಲ್ಲಿ ಬಗೆಹರಿಸುವ ಅಧಿಕಾರವಾಗಲಿ ತರಬೇತಿಯಾಗಲಿ ನಿಮಗಿಲ್ಲ. ನೀವೇ ಸಾಕ್ಷಿಗಳನ್ನು ಕರೆದು ವಿಚಾರಿಸಬೇಡಿ, ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲಂತೂ ಹೋಗಲೇಬೇಡಿ. ಆಕೆಯೊಡನೆ ಪ್ರತ್ಯೇಕವಾಗಿ, ಉಳಿದವರ ಗಮನಕ್ಕೆ ಬಾರದಂತೆ ಮಾತನಾಡಿ. ಯಾರಿಗೆ ದೂರು ಕೊಡಬಹುದು, ಕೊಟ್ಟರೆ ಮುಂದೆ ಏನಾಗುತ್ತದೆ, ಆ ಅವಧಿಯಲ್ಲಿ ಆಕೆಗೆ ಯಾವ ರಕ್ಷಣೆ ಇರುತ್ತದೆ ಎಂಬುದನ್ನು ತಿಳಿಸಿ. ಹೇಳಲೇಬೇಕೆಂದು ಒತ್ತಾಯಿಸಬೇಡಿ. ಆದರೆ 'ಇದು ನಮ್ಮಿಬ್ಬರಲ್ಲೇ ಇರಲಿ' ಎಂಬ ಭರವಸೆಯನ್ನೂ ಕೊಡಬೇಡಿ, ಏಕೆಂದರೆ ಉಸ್ತುವಾರಿಯ ಸ್ಥಾನದಲ್ಲಿರುವವರು ಕೇಳಿದ್ದನ್ನು ಸಂಬಂಧಪಟ್ಟ ಸಮಿತಿಗೋ ಅಧಿಕಾರಿಗೋ ತಿಳಿಸಬೇಕಾಗಿ ಬರಬಹುದು. ಗೋಪ್ಯತೆ ಎಂದರೆ ತಿಳಿಯಬೇಕಾದವರಿಗೆ ಮಾತ್ರ ತಿಳಿಸುವುದು. ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

ದೂರು ಬಂದ ಕೂಡಲೇ ದೂರುದಾರರನ್ನೇ ಬೇರೆ ಪಾಳಿಗೆ ವರ್ಗಾಯಿಸುವ ಒಂದು ಕೆಟ್ಟ ರೂಢಿಯಿದೆ. ಒಳ್ಳೆಯ ಉದ್ದೇಶದಿಂದಲೇ ಮಾಡಿದರೂ ನೋಡುವವರಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಆಕೆಯೇ ಕೇಳಿಕೊಂಡರೆ ಮಾತು ಬೇರೆ. ಸೇಡು ಕೂಡ ಬಹಿರಂಗವಾಗಿ ಬರುವುದಿಲ್ಲ. ಓವರ್‌ಟೈಮ್ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ, ಹಳೆಯ ಯಂತ್ರವೇ ಮತ್ತೆ ಮತ್ತೆ ಪಾಲಿಗೆ ಬರುತ್ತದೆ, ರಜೆಯ ಅರ್ಜಿಗೆ ಉತ್ತರವೇ ಇರುವುದಿಲ್ಲ. ದೂರು ಕೊಟ್ಟವರ ಕೆಲಸದ ಹಂಚಿಕೆಯನ್ನು ಕೆಲವು ತಿಂಗಳು ಗಮನಿಸುತ್ತಿರುವುದು ವಿಚಾರಣೆಯಷ್ಟೇ ಮುಖ್ಯವಾದ ಕೆಲಸ.

ಜನ ಏಕೆ ಹೇಳುವುದಿಲ್ಲ ಎಂಬುದಕ್ಕೆ ಒಂದು ದೊಡ್ಡ ಸಮೀಕ್ಷೆಯ ಆಧಾರವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಲಾಯ್ಡ್ಸ್ ರಿಜಿಸ್ಟರ್ ಫೌಂಡೇಶನ್ ಮತ್ತು ಗ್ಯಾಲಪ್ ಜೊತೆಗೂಡಿ 121 ದೇಶಗಳಲ್ಲಿ ನಡೆಸಿದ ಅಧ್ಯಯನದ ವರದಿ 2022ರ ಡಿಸೆಂಬರ್‌ನಲ್ಲಿ ಹೊರಬಂತು. ಉದ್ಯೋಗದಲ್ಲಿರುವವರ ಪೈಕಿ ಶೇ 22.8ರಷ್ಟು ಜನ ತಮ್ಮ ದುಡಿಮೆಯ ಬದುಕಿನಲ್ಲಿ ಯಾವುದಾದರೂ ಬಗೆಯ ಹಿಂಸೆ ಅಥವಾ ಕಿರುಕುಳವನ್ನು ಅನುಭವಿಸಿದ್ದರು. ಅತಿ ಹೆಚ್ಚು ಕಂಡುಬಂದದ್ದು ಮಾನಸಿಕ ಬಗೆಯದು, ಶೇ 17.9. ಅನುಭವಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಅದನ್ನು ಯಾರಿಗಾದರೂ ಹೇಳಿದ್ದರು, ಅದೂ ಬಹುಮಟ್ಟಿಗೆ ಸ್ನೇಹಿತರಿಗೆ ಅಥವಾ ಮನೆಯವರಿಗೆ. ಹೇಳದಿರಲು ಕೊಟ್ಟ ಮುಖ್ಯ ಕಾರಣಗಳು ಎರಡು: ಹೇಳಿ ಪ್ರಯೋಜನವಿಲ್ಲ ಎಂಬುದು, ಮತ್ತು ತಮ್ಮ ಹೆಸರೇ ಕೆಡುತ್ತದೆ ಎಂಬುದು. ನಿಮ್ಮ ಹೆಲ್ಪರ್‌ಗಳು ಹೇಳಿದ್ದೂ ಹೆಚ್ಚುಕಡಿಮೆ ಇದೇ.

ಇನ್ನು ಹೀಯಾಳಿಕೆಯ ಬಗ್ಗೆ ಫಿಟ್ಟರ್ ಜೊತೆ ನೀವೇ ಮಾತನಾಡಬಹುದು, ಮಾತನಾಡಲೇಬೇಕು. ಅದಕ್ಕೆ ಮುಂಚೆ ಬರೆದಿಟ್ಟುಕೊಳ್ಳಿ. 'ಅಹಂಕಾರಿ', 'ಒರಟು' ಎಂಬ ಗುಣವಾಚಕಗಳನ್ನು ಬರೆಯಬೇಡಿ. ಯಾವ ದಿನ, ಯಾವ ಯಂತ್ರದ ಬಳಿ, ಯಾರಿಗೆ, ಯಾವ ಮಾತನ್ನು ಹೇಳಿದರು, ಅಲ್ಲಿ ಯಾರಿದ್ದರು, ಅದಾದ ಮೇಲೆ ಕೆಲಸದಲ್ಲಿ ಏನಾಯಿತು ಎಂಬುದಷ್ಟೇ ಇರಲಿ. ಮಾತುಕತೆ ಇಬ್ಬರ ನಡುವೆಯೇ ನಡೆಯಲಿ. ಎಲ್ಲರೆದುರು ಅವಮಾನಿಸುವವರನ್ನು ಎಲ್ಲರೆದುರೇ ಅವಮಾನಿಸಿ ಪಾಠ ಕಲಿಸಿದರೆ, ಪಾಳಿಯವರು ಕಲಿಯುವುದು ಬೈಯುವ ಹಕ್ಕು ಮೇಲಿನವರದ್ದು ಎಂಬುದನ್ನು ಮಾತ್ರ. ಕೆಲಸದ ಗುಣಮಟ್ಟದಲ್ಲಿ ಅವರು ಕಟ್ಟುನಿಟ್ಟಾಗಿರಲಿ, ತಪ್ಪನ್ನು ತಪ್ಪೆಂದೇ ಹೇಳಲಿ. 'ಈ ಬೋಲ್ಟ್ ಸಡಿಲವಾಗಿದೆ, ಮತ್ತೆ ಬಿಗಿ ಮಾಡಿ ತೋರಿಸು' ಎಂಬುದು ಕೆಲಸದ ಮಾತು. 'ನಿನ್ನಂಥವನಿಂದ ಇನ್ನೇನಾಗುತ್ತದೆ' ಎಂಬುದರಲ್ಲಿ ಕೆಲಸಕ್ಕೆ ಸಂಬಂಧಿಸಿದ್ದು ಏನೂ ಇಲ್ಲ.

ಉತ್ತರ 3: ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವ

ಇಲ್ಲಿ ಮಾತನಾಡುತ್ತಿರುವವರೆಲ್ಲ ಮೇಜಿನ ಆಚೆ ಕುಳಿತವರಂತೆ ಕಾಣುತ್ತಾರೆ. ಹಾಗಾಗಿ ಫಿಟ್ಟರ್ ಕಡೆಯಿಂದಲೂ ನಾಲ್ಕು ಮಾತು ಇರಲಿ ಎಂದು ಬರೆಯುತ್ತಿದ್ದೇನೆ.

ಓಡುವ ಯಂತ್ರದೊಳಗೆ ಹುಡುಗನೊಬ್ಬ ಕೈ ಹಾಕಲು ಹೋದಾಗ 'ದಯವಿಟ್ಟು ಕೈ ತೆಗೆಯಿರಿ' ಎನ್ನಲು ಸಮಯವಿರುವುದಿಲ್ಲ. ಗದ್ದಲದಲ್ಲಿ ಕೂಗದಿದ್ದರೆ ಕೇಳಿಸುವುದೂ ಇಲ್ಲ. ಆ ಕೂಗನ್ನೂ ದೂರಿನ ಪಟ್ಟಿಗೆ ಸೇರಿಸಿದರೆ ನಾಳೆ ಯಾವ ಹಿರಿಯನೂ ಬಾಯಿ ಬಿಡುವುದಿಲ್ಲ, ಆಗ ಆಗುವ ಅನಾಹುತಕ್ಕೆ ಹೊಣೆ ಯಾರು? ಎರಡನೆಯದಾಗಿ, ಇಂಟರ್‌ಲಾಕ್ ಬೈಪಾಸ್ ಮಾಡುವ ಫಿಟ್ಟರ್ ಅದನ್ನು ತನ್ನ ಖುಷಿಗೆ ಮಾಡಿರುವುದಿಲ್ಲ. ಬಿಡಿಭಾಗ ಬೇಕೆಂದು ಚೀಟಿ ಕೊಟ್ಟು ಕಾದು ಕಾದು, 'ಹೇಗಾದರೂ ಓಡಿಸು' ಎಂದು ಮೇಲಿನವರು ಹೇಳಿದ ಮೇಲೆಯೇ ಆ ತಂತಿ ಬರುವುದು. 'ಹೇಗಾದರೂ' ಎಂದವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಆದರೂ ಅಡ್ಡಹೆಸರು ಇಡುವುದನ್ನು, ಹೆಣ್ಣುಮಕ್ಕಳ ಬಳಿ ಅಡ್ಡಮಾತು ಆಡುವುದನ್ನು ನಾನು ಸಮರ್ಥಿಸುವುದಿಲ್ಲ. ಅದಕ್ಕೂ ಕೆಲಸದ ಒತ್ತಡಕ್ಕೂ ಸಂಬಂಧವಿಲ್ಲ. ನನ್ನ ಸಲಹೆಯೆಂದರೆ, ಹೊಸಬರಿಗೆ ಕಲಿಸುವ ಹೊಣೆಯನ್ನು ಅಧಿಕೃತವಾಗಿ ಅವರಿಗೇ ಕೊಡಿ, ಅದಕ್ಕೆಂದು ಪಾಳಿಯಲ್ಲಿ ಸಮಯವನ್ನೂ ಕೊಡಿ. ತಾನು ಕಲಿಸಿದ ಹುಡುಗನನ್ನು ಮೂರ್ಖನೆಂದು ಕರೆದರೆ ಅದು ತನಗೇ ಬಂದು ತಗಲುತ್ತದೆಂದು ಅವರಿಗೆ ಬೇಗ ತಿಳಿಯುತ್ತದೆ.

ಉತ್ತರ 4: ನಿವೃತ್ತ ಸುರಕ್ಷತಾ ಅಧಿಕಾರಿ

ಎಚ್ಚರಿಕೆಯ ಕೂಗಿನ ಬಗ್ಗೆ ತಾವು ಹೇಳಿದ್ದು ನೂರಕ್ಕೆ ನೂರು ಸರಿ, ಸರ್. ಆ ಕೂಗು ಅಪಾಯ ಕಳೆದ ಕ್ಷಣದಲ್ಲಿ ಮುಗಿಯುತ್ತದೆ. ಯಂತ್ರ ನಿಂತ ಮೇಲೂ ಮುಂದುವರಿಯುವ ಮಾತಿನ ಬಗ್ಗೆಯೇ ನಮ್ಮ ಚರ್ಚೆ. 'ಹೇಗಾದರೂ ಓಡಿಸು' ಎಂಬುದರ ಬಗ್ಗೆಯೂ ನನ್ನ ಸಹಮತವಿದೆ: ಬೈಪಾಸ್‌ಗೆ ಲಿಖಿತ ಅನುಮತಿ ಕಡ್ಡಾಯವೆಂದು ಮಾಡಿದರೆ, ಬಾಯಿಮಾತಿನ ಆದೇಶ ಕೊಡುವವರು ಸಹಿ ಹಾಕುವ ಮುನ್ನ ಯೋಚಿಸುತ್ತಾರೆ.

ಆದರೆ ತರಬೇತಿಯ ಹೊಣೆಯನ್ನು ಈಗಲೇ ಅವರಿಗೆ ಕೊಡುವುದನ್ನು ನಾನು ಒಪ್ಪಲಾರೆ. ಒಂದು ದೂರಿನ ಸಾಧ್ಯತೆ ಬಾಕಿ ಇರುವಾಗ ಕಿರಿಯರ ಮೇಲೆ ಅವರಿಗೆ ಇನ್ನಷ್ಟು ಅಧಿಕಾರ ಕೊಟ್ಟರೆ, ಹೇಳಬೇಕೆಂದಿದ್ದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಅದು ಇತ್ಯರ್ಥವಾಗಿ, ವರ್ತನೆ ಬದಲಾದದ್ದು ಕೆಲವು ಕಾಲ ಕಂಡ ಮೇಲೆ ನಿಮ್ಮ ಸಲಹೆ ಒಳ್ಳೆಯದೇ.

ಉತ್ತರ 5: ಗುತ್ತಿಗೆ ಹೆಲ್ಪರ್

ನಿಯರ್ ಮಿಸ್ ಪುಸ್ತಕದ ಬಗ್ಗೆ ಮಾತ್ರ ಹೇಳುತ್ತೇನೆ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಆ ಪುಸ್ತಕ ಸೂಪರ್‌ವೈಸರ್ ಅಥವಾ ಫಿಟ್ಟರ್ ಮೇಜಿನ ಮೇಲೆಯೇ ಇರುತ್ತಿತ್ತು. ಬರೆಯಲು ಹೋದರೆ 'ಏನು ಬರೆಯುತ್ತಿದ್ದೀಯ' ಎಂದು ಮೊದಲು ಕೇಳುವವರು ಅವರೇ. ಹೆಸರು, ಸಹಿ ಎರಡೂ ಬೇಕು. ಕಾಯಂ ನೌಕರರಿಗೆ ಹೆಚ್ಚೆಂದರೆ ಬೈಗುಳ ಸಿಗುತ್ತದೆ, ನಮ್ಮಂಥವರಿಗೆ 'ನಾಳೆಯಿಂದ ಬರಬೇಡ' ಎಂದು ಗುತ್ತಿಗೆದಾರರ ಮೂಲಕ ಹೇಳಿಸಿದರೆ ಮುಗಿಯಿತು, ಕಾರಣ ಕೊಡಬೇಕಾದ ಅಗತ್ಯವೂ ಇರುವುದಿಲ್ಲ. ಇದೆಲ್ಲದಕ್ಕಿಂತ ಹೆಚ್ಚಾಗಿ, ಬರೆದದ್ದಕ್ಕೆ ಏನಾಯಿತೆಂದು ಯಾರೂ ತಿರುಗಿ ಹೇಳುವುದಿಲ್ಲ. ಎರಡು ಸಲ ಬರೆದು ಉತ್ತರ ಬಾರದಿದ್ದರೆ ಮೂರನೆಯ ಸಲ ಬರೆಯುವವರು ಇರುವುದಿಲ್ಲ.

ಮರುಪ್ರತಿಕ್ರಿಯೆ: ಪಾಳಿ ಉಸ್ತುವಾರಿ

ಎಲ್ಲರಿಗೂ ಧನ್ಯವಾದಗಳು. ಕನ್ವೇಯರನ್ನು ನಿಲ್ಲಿಸಿ, ತಂತಿ ತೆಗೆಸಿ, ಹೊಸ ಸ್ವಿಚ್ ಹಾಕಿಸಿದ್ದೇನೆ. ಕಾರಣ ಬಹುತೇಕ ಇಲ್ಲಿ ಊಹಿಸಿದ್ದೇ: ಹಳೆಯ ಸ್ವಿಚ್ಚಿನ ಹಿಡಿಕೆ ಸಡಿಲವಾಗಿ ಅದುರಿದಾಗಲೆಲ್ಲ ಬೆಲ್ಟ್ ನಿಲ್ಲುತ್ತಿತ್ತು, ಬಿಡಿಭಾಗದ ಬೇಡಿಕೆ ಸ್ಟೋರ್‌ನಲ್ಲೇ ಉಳಿದಿತ್ತು. ಆ ಬೇಡಿಕೆ ಬರೆದವರು ನಮ್ಮ ಫಿಟ್ಟರ್ ಅವರೇ. ಈ ಸಂಗತಿಯಿಂದ ಆರಂಭಿಸಿದ್ದರಿಂದ ಅವರೊಡನೆ ಮಾತು ಸುಲಭವಾಯಿತು. ಅಡ್ಡಹೆಸರಿನ ವಿಷಯ ಬಂದಾಗ ಅವರಿಗೆ ಇಷ್ಟವಾಗಲಿಲ್ಲ, ಆದರೆ ದಿನಾಂಕ ಮತ್ತು ಮಾತುಗಳನ್ನು ಓದಿ ಹೇಳಿದಾಗ ಅಲ್ಲಗಳೆಯಲೂ ಇಲ್ಲ. ಆಪರೇಟರ್ ಅವರೊಡನೆ ಪ್ರತ್ಯೇಕವಾಗಿ ಮಾತನಾಡಿ ದೂರಿನ ದಾರಿಯನ್ನು ತಿಳಿಸಿದ್ದೇನೆ. ಮುಂದಿನದನ್ನು ಇಲ್ಲಿ ಬರೆಯುವುದು ಸರಿಯಲ್ಲ.

ಒಂದು ಸಂದೇಹ ಉಳಿದಿದೆ. ಹೆಸರಿಲ್ಲದೆ ಚೀಟಿ ಹಾಕುವ ಪೆಟ್ಟಿಗೆಯೊಂದನ್ನು ಇಡೋಣವೆಂದರೆ ನಮ್ಮ ಪಾಳಿಯಲ್ಲಿ ಇರುವವರೇ ಕೆಲವರು. ಯಾವ ಯಂತ್ರದ ಬಗ್ಗೆ ಬರೆದಿದೆ ಎಂದು ನೋಡಿದರೆ ಬರೆದವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಉತ್ತರ 6: ನಿವೃತ್ತ ಸುರಕ್ಷತಾ ಅಧಿಕಾರಿ

ನಿಮ್ಮ ಸಂದೇಹ ಸರಿಯಾದದ್ದೇ. ಸಣ್ಣ ಪಾಳಿಯಲ್ಲಿ ಅನಾಮಧೇಯತೆ ಹೆಸರಿಗೆ ಮಾತ್ರ. ಹೆಸರಿಲ್ಲದ ಚೀಟಿಗೆ ಇನ್ನೊಂದು ತೊಂದರೆಯೂ ಇದೆ: ಹೆಚ್ಚಿನ ವಿವರ ಬೇಕೆಂದರೆ ಯಾರನ್ನು ಕೇಳುವುದು? ಅಮೆರಿಕದ ವಿಮಾನಯಾನ ಕ್ಷೇತ್ರದಲ್ಲಿ 1976ರಿಂದ ನಡೆಯುತ್ತಿರುವ ವರದಿ ವ್ಯವಸ್ಥೆಯನ್ನು ನೋಡಿ. ಅಲ್ಲಿ ಪೈಲಟ್‌ಗಳು ಹಾಗೂ ವಿಮಾನ ಸಂಚಾರ ನಿಯಂತ್ರಕರು ತಮ್ಮ ಹೆಸರನ್ನು ಬರೆದೇ ವರದಿ ಕಳಿಸುತ್ತಾರೆ. ಆದರೆ ಅದು ಹೋಗುವುದು ದಂಡ ವಿಧಿಸುವ ವಿಮಾನಯಾನ ಆಡಳಿತಕ್ಕಲ್ಲ, ಅದರ ಹೊರಗಿನ ನಾಸಾಕ್ಕೆ. ವಿಶ್ಲೇಷಕರು ಬೇಕಿದ್ದರೆ ಬರೆದವರನ್ನು ಸಂಪರ್ಕಿಸಿ ಸ್ಪಷ್ಟನೆ ಪಡೆಯುತ್ತಾರೆ, ಆಮೇಲೆ ಗುರುತಿನ ಭಾಗವನ್ನು ವರದಿಯಿಂದ ಬೇರ್ಪಡಿಸಿ ಬರೆದವರಿಗೇ ಹಿಂದಿರುಗಿಸುತ್ತಾರೆ. ಅಪಘಾತಗಳಿಗೆ ಮತ್ತು ಅಪರಾಧ ಕೃತ್ಯಗಳಿಗೆ ಈ ರಕ್ಷಣೆ ಇಲ್ಲ. ಸ್ವೀಕರಿಸುವವರು ಶಿಕ್ಷಿಸುವವರಲ್ಲ ಎಂಬ ಒಂದೇ ಏರ್ಪಾಡಿನ ಮೇಲೆ ಅಲ್ಲಿನ ನಂಬಿಕೆ ನಿಂತಿದೆ.

ನಿಮ್ಮಲ್ಲೂ ವರದಿ ಸ್ವೀಕರಿಸುವವರು ನಿಮ್ಮ ಪಾಳಿಯ ಹೊರಗಿನವರಾಗಿರಲಿ. ಇನ್ನೊಂದು ವಿಭಾಗದ ಸುರಕ್ಷತಾ ಪ್ರತಿನಿಧಿ ಆಗಬಹುದು. ಬಾಯಲ್ಲಿ ಹೇಳಿದರೂ ನಡೆಯುತ್ತದೆ, ಬರೆದುಕೊಳ್ಳುವ ಕೆಲಸ ಅವರದ್ದಾಗಲಿ. ಆ ಪುಸ್ತಕವನ್ನು ಮೇಜಿನಿಂದ ಎತ್ತಿಸಿ. ಗುತ್ತಿಗೆ ಕಾರ್ಮಿಕರು ಹೇಳಿದ ಬಳಿಕ ಅವರನ್ನು ಕೆಲಸದಿಂದ ಬಿಡಿಸುವ ಪ್ರಸ್ತಾಪ ಬಂದರೆ ಅದಕ್ಕೆ ಲಿಖಿತ ಕಾರಣ ಬೇಕೆಂದು ಗುತ್ತಿಗೆದಾರರಿಗೆ ಆಡಳಿತದಿಂದಲೇ ಪತ್ರ ಹೋಗಲಿ. 190ನೇ ಒಡಂಬಡಿಕೆಯು ಗುತ್ತಿಗೆಯ ಸ್ವರೂಪ ಏನೇ ಇರಲಿ ದುಡಿಯುವವರನ್ನೆಲ್ಲ, ತರಬೇತಿಯಲ್ಲಿರುವವರನ್ನೂ ಕೆಲಸ ಕೇಳಿಕೊಂಡು ಬಂದವರನ್ನೂ ಒಳಗೊಳ್ಳುತ್ತದೆ ಎಂಬುದನ್ನು ಆ ಪತ್ರದಲ್ಲಿ ನೆನಪಿಸಬಹುದು. ಜೊತೆಗೆ, ಗಂಭೀರವಾದ ಅಪಾಯ ಎದುರಿಗಿದೆ ಎಂದು ನಂಬಲು ಸಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರಿಗೆ ಅನುಚಿತ ತೊಂದರೆ ಕೊಡಬಾರದೆಂದು 1981ರ 155ನೇ ಒಡಂಬಡಿಕೆಯೇ ಹೇಳಿದೆ. ಯಂತ್ರ ನಿಲ್ಲಿಸುವ ಅಧಿಕಾರ ಹೆಲ್ಪರ್‌ಗೂ ಇದೆಯೆಂದು ಪಾಳಿ ಆರಂಭದ ಸಭೆಯಲ್ಲಿ ನೀವೇ ಹೇಳಿ, ಫಿಟ್ಟರ್ ಅವರೂ ಪಕ್ಕದಲ್ಲಿ ನಿಂತಿರಲಿ.

ಉತ್ತರ ತಿರುಗಿ ಬರುವುದಿಲ್ಲ ಎಂದು ಆ ಹೆಲ್ಪರ್ ಬರೆದಿರುವುದೇ ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ತೂಕದ ಮಾತಾಗಿ ಕಂಡಿತು. ಮೊದಲ ವರದಿ ಬಂದ ದಿನ, ಅದು ಎಷ್ಟೇ ಚಿಕ್ಕದಾಗಿರಲಿ, ಪಾಳಿ ಮುಗಿಯುವುದರೊಳಗೆ ಏನು ಮಾಡಿದಿರಿ ಅಥವಾ ಏಕೆ ಮಾಡಲಾಗಲಿಲ್ಲ ಎಂಬುದನ್ನು ಹೇಳಿದವರ ಗುರುತು ಬಿಟ್ಟುಕೊಡದೆ ಫಲಕದಲ್ಲಿ ಬರೆಯಿಸಿ. ಬಿಡಿಭಾಗ ಬರಲು ತಡವಾಗುವುದಾದರೆ ಅದನ್ನೂ, ಅದು ಯಾರ ಬಳಿ ಬಾಕಿ ಇದೆ ಎಂಬುದನ್ನೂ ಅಲ್ಲೇ ಬರೆಯಿಸಿ.